ಹೋಸ್ ಒಣಗುವ ಹೊತ್ತು

ಒದ್ದೆಯಾದ ಕ್ಯಾನ್ವಾಸ್ ಹೋಸ್ ಪೈಪಿಗೆ ಅದರದೇ ಒಂದು ವಾಸನೆ ಇದೆ. ನೆನೆದ ಗೋಣಿತಾಟು, ಕೆಸರು, ಜೊತೆಗೆ ಎಲ್ಲೋ ಅಂಟಿಕೊಂಡ ಹೊಗೆ... ಎಲ್ಲ ಸೇರಿದ ವಾಸನೆ. ಬೆಂಕಿ ಗಾಡಿಯ ಡ್ರೈವರ್ ಆಗಿ ಅರ್ಧ ಆಯಸ್ಸು ಕಳೆದ ನನಗೆ ಅದು ನನ್ನ ಬಟ್ಟೆಯ ವಾಸನೆಯಷ್ಟೇ ಪರಿಚಿತ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಭದ್ರಾವತಿಯ ಒಂದು ಕಲ್ಯಾಣ ಮಂಟಪದಲ್ಲಿ ಬೆಂಕಿ ಆರಿಸುವ ಸಾಮಾನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೇನೆ. ಮೊನ್ನೆ ಅಲ್ಲಿನ ಸೆಕ್ಯುರಿಟಿಯವರಿಗೆ ಹೇಳಿ ಹಳೆಯ ಹೋಸಿಗೆ ನೀರು ಬಿಡಿಸಿ, ಸೋರುತ್ತದೆಯೇ ನೋಡಿ, ಒಣಗಲೆಂದು ಕಾಂಪೌಂಡಿನ ಮೇಲೆ ಹಾಸಿಸಿದೆ. ಬಿಸಿಲು ಬಿದ್ದು ಆ ವಾಸನೆ ಎದ್ದಿತು. ಸಾಹೇಬರು ನೆನಪಾದರು. ಅವರು ನೆನಪಾದಾಗಲೆಲ್ಲ ಆಗುವಂತೆ ತಲೆ ಗೊಂದಲದ ಗೂಡಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಮ್ಮ ಅಗ್ನಿಶಾಮಕ ಠಾಣೆಗೆ ಅಧಿಕಾರಿಯಾಗಿ ಬಂದರು. ತೆಳ್ಳಗಿನ ಆಳು, ಮೆತ್ತಗಿನ ಮಾತು. ಬಂದ ದಿನವೇ ನಮ್ಮನ್ನೆಲ್ಲ ‘ನೀವು, ತಾವು’ ಎಂದು ಮಾತಾಡಿಸಿದರು. ಅದುವರೆಗೆ ಬಂದ ಅಧಿಕಾರಿಗಳು ನಮ್ಮನ್ನು ಹೋಗೋ ಬಾರೋ ಎನ್ನುತ್ತಿದ್ದರು, ನಾವೂ ಅದಕ್ಕೆ ಒಗ್ಗಿಹೋಗಿದ್ದೆವು. ಬಹುವಚನ ಕೇಳಿ ನಮಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಈ ಮನುಷ್ಯ ನಮ್ಮಿಂದ ಏನೋ ಕೆಲಸ ತೆಗೆಯಲು ಬಂದಿದ್ದಾನೆ ಎಂದು ಅನುಮಾನ ಪಟ್ಟೆವು.

ನಮ್ಮ ಠಾಣೆಯ ರೀತಿಯೇ ಬೇರೆ ಇತ್ತು. ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಖಕ್ಕೆ ಹಾಕುವ ಮಾಸ್ಕುಗಳಿದ್ದವು, ಆದರೆ ಅವು ಸದಾ ಬೀರುವಿನಲ್ಲಿ ಬೀಗದೊಳಗೆ. ಹಾಳಾದರೆ ಯಾರು ಉತ್ತರ ಕೊಡುವುದು? ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಹೊರಗೆ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಮತ್ತೆ ಒಳಗಿಡುತ್ತಿದ್ದೆವು. ಬೆಂಕಿಗೆ ಹೋಗುವಾಗ ಒದ್ದೆ ಟವೆಲ್ ಬಾಯಿಗೆ ಕಟ್ಟಿಕೊಂಡು ನುಗ್ಗುವುದೇ ಗಂಡಸುತನ. ಹಾಗೆ ನುಗ್ಗುವವರಲ್ಲಿ ಮೊದಲಿಗರು ನಮ್ಮ ಲೀಡಿಂಗ್ ಫೈರ್‌ಮನ್. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಎದೆ ತುಂಬ ಧೈರ್ಯ, ಬಾಯಲ್ಲಿ ಸದಾ ಎಲೆ ಅಡಿಕೆ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಠಾಣೆಗೆ ಅಧಿಕಾರಿ ಯಾರೇ ಇರಲಿ, ಯಜಮಾನಿಕೆ ಅಣ್ಣನದೇ.

ಸಾಹೇಬರು ಮೊದಲು ಆ ಬೀರುವಿನ ಬೀಗ ತೆಗೆಸಿದರು. ಮಾಸ್ಕು ಇಲ್ಲದೆ ಹೊಗೆಯೊಳಗೆ ಹೋಗಬಾರದು, ಒಬ್ಬರೇ ಹೋಗಬಾರದು, ಮೂರು ಸಲ ಉದ್ದಕ್ಕೆ ಸೀಟಿ ಊದಿದರೆ ಇದ್ದಲ್ಲಿಂದ ಎಲ್ಲರೂ ಹೊರಗೆ ಬರಬೇಕು ಎಂದರು. ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆವು. ಅವರು ಇನ್ನೊಂದು ಪದ್ಧತಿ ತಂದರು. ಬೆಂಕಿ ಆರಿಸಿ ಬಂದ ಮೇಲೆ ಹೋಸ್ ತೊಳೆದು ಒಣಹಾಕುತ್ತೇವಲ್ಲ, ಆ ಹೊತ್ತಿನಲ್ಲಿ ಎಲ್ಲರೂ ಮೆಟ್ಟಿಲ ಮೇಲೆ ಕೂರಬೇಕು. ಪ್ರತಿಯೊಬ್ಬರೂ ಆ ದಿನ ಕಣ್ಣಿಗೆ ಬಿದ್ದದ್ದನ್ನು, ತಾವು ಮಾಡಿದ ಒಂದು ತಪ್ಪನ್ನು, ತಮ್ಮ ಬಾಯಿಂದಲೇ ಹೇಳಬೇಕು. ಬೇರೆಯವರ ತಪ್ಪು ಹೇಳುವ ಹಾಗಿಲ್ಲ. ಕೂತಾಗ ಹೇಳಿದ್ದಕ್ಕೆ ಯಾರಿಗೂ ಮೆಮೋ ಇಲ್ಲ.

ಮೊದಲ ಸಲ ಕೂತದ್ದು ಗಾಜನೂರಿನ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು ಆರಿಸಿ ಬಂದ ದಿನ. ಯಾರೂ ಬಾಯಿ ಬಿಡಲಿಲ್ಲ. ಆಗ ಸಾಹೇಬರೇ ಶುರು ಮಾಡಿದರು.

“ಇವತ್ತು ಡ್ರೈವರ್ ಬಲಕ್ಕೆ ಹೋಗೋಣ ಅಂದ್ರು. ನಾನು ಎಡಕ್ಕೆ ಅಂದೆ. ನನ್ನಿಂದ ತಡ ಆಯ್ತು, ಒಂದು ಬಣವೆ ಜಾಸ್ತಿ ಹೋಯ್ತು.”

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಧಿಕಾರಿಯೊಬ್ಬ ಡ್ರೈವರನ ಎದುರು ತಪ್ಪು ಒಪ್ಪಿಕೊಳ್ಳುವುದೇ? ಮಾರನೆಯ ದಿನ ಅವರ ಆಜ್ಞೆಯನ್ನು ಯಾರು ಕೇಳುತ್ತಾರೆ? ಅಣ್ಣ ಅಂದೇ ಅದಕ್ಕೆ ‘ಸಾಹೇಬರ ಭಜನೆ’ ಎಂದು ಹೆಸರಿಟ್ಟರು. ಭಜನೆಗೆ ಕೂರುವ ಮೊದಲು ಬಾಯ್ತುಂಬ ಎಲೆ ಅಡಿಕೆ ಜಡಿದುಕೊಳ್ಳುವುದನ್ನೂ ಅಂದಿನಿಂದಲೇ ಶುರು ಮಾಡಿದರು. ಅವರ ಸರದಿ ಬಂದಾಗ ಕೆನ್ನೆಯತ್ತ ಬೆರಳು ತೋರಿಸಿ, ಮುಂದಿನವನಿಗೆ ಹೇಳು ಎಂದು ಕೈಯಾಡಿಸುತ್ತಿದ್ದರು. ಸಾಹೇಬರು ನಕ್ಕು ಬಿಟ್ಟುಬಿಡುತ್ತಿದ್ದರು.

ಆದರೆ ತಿಂಗಳುಗಳು ಕಳೆದಂತೆ ಉಳಿದವರ ಬಾಯಿ ಒಂದೊಂದಾಗಿ ಬಿಚ್ಚಿಕೊಂಡಿತು. ಒಬ್ಬ ಹೋಸಿನ ಮೂತಿ ಕೈಬಿಟ್ಟು ಓಡಿದ್ದನ್ನು ಹೇಳಿದ. ಹತ್ತು ವರ್ಷ ಸರ್ವೀಸಾದ ಇನ್ನೊಬ್ಬ, “ನಂಗೆ ಹೊಗೆ ಅಂದ್ರೆ ಹೆದ್ರಿಕೆ ಸಾರ್, ಮೊದ್ಲಿಂದ್ಲೂ,” ಎಂದು ತಲೆ ತಗ್ಗಿಸಿದ. ಯಾರೂ ನಗಲಿಲ್ಲ. ಮುಂದಿನ ಬೆಂಕಿಗೆ ಅವನೇ ಮೊದಲು ಮಾಸ್ಕು ಹಾಕಿಕೊಂಡ. ಆ ಚಟ ನನಗೂ ಅಂಟಿತು. ಒಂದು ಸಂಜೆ ಮನೆಯಲ್ಲಿ, “ನಿನ್ನೆ ಸಾರು ಸಪ್ಪೆ ಅಂತ ಕೂಗಾಡಿದ್ದು ನನ್ನ ತಪ್ಪು” ಎಂದೆ. ಹೆಂಡತಿ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದಳು.

“ನಿಮ್ಮ ಸಾಹೇಬ್ರು ಒಳ್ಳೇವ್ರೋ, ನಿಮ್ಮನ್ನೆಲ್ಲ ಕೆಡಿಸ್ತಿದ್ದಾರೋ?” ಎಂದು ಕೇಳಿದಳು.

“ನಂಗೂ ಗೊತ್ತಾಗ್ತಿಲ್ಲ ಮಾರಾಯ್ತಿ,” ಎಂದೆ. ಅದು ಸತ್ಯವೇ ಆಗಿತ್ತು.

ಆಮೇಲೆ ಆ ಗೋದಾಮಿನ ಬೆಂಕಿ ಬಂತು. ಮಲವಗೊಪ್ಪದ ಕಡೆ, ಗೋಣಿಚೀಲ ತುಂಬಿದ ಹಳೆಯ ಗೋದಾಮು. ಮರದ ತೊಲೆ, ಮೇಲೆ ಮಂಗಳೂರು ಹೆಂಚು. ಮಧ್ಯಾಹ್ನದ ಹೊತ್ತು. ಗೋಣಿ ಉರಿಯುವುದಕ್ಕಿಂತ ಹೆಚ್ಚು ಒಳಗೊಳಗೇ ಕನಲುತ್ತದೆ, ಹೊಗೆ ಕಕ್ಕುತ್ತದೆ. ಅಣ್ಣ ಇಬ್ಬರನ್ನು ಕರೆದುಕೊಂಡು ಒಳಗೆ ಹೋದರು. ಆ ಇಬ್ಬರಿಗೆ ಮಾಸ್ಕು, ಅಣ್ಣನಿಗೆ ಯಥಾಪ್ರಕಾರ ಟವೆಲ್. ನಾನು ರಸ್ತೆಯಲ್ಲಿ ಪಂಪಿನ ಹತ್ತಿರ. ಸಾಹೇಬರು ಬಾಗಿಲಲ್ಲಿ ನಿಂತು ಹೆಂಚಿನ ಮಾಡು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೂಲೆಯ ನಾಲ್ಕಾರು ಹೆಂಚು ಜಾರಿ ಬಿದ್ದವು. ಸಾಹೇಬರು ಮೂರು ಸಲ ಉದ್ದಕ್ಕೆ ಸೀಟಿ ಊದಿದರು. ಹುಡುಗರಿಬ್ಬರು ಓಡಿ ಬಂದರು. ಅವರ ಹಿಂದೆಯೇ ಕೆಮ್ಮುತ್ತ ಅಣ್ಣನೂ ಬಂದರು.

ಮಾಡು ಬೀಳಲಿಲ್ಲ. ನಾವು ಹೊರಗಿನಿಂದ ನೀರು ಬಿಡುತ್ತ ನಿಂತೆವು, ಒಳಗೆ ಸರಕೆಲ್ಲ ಕನಲಿ ಹೋಯಿತು. ಸೇರಿದ್ದ ಜನ, “ಬೆಂಕಿ ಆರ್ಸಕ್ಕೆ ಬಂದ್ರೋ, ಚಳಿ ಕಾಯಿಸ್ಕೊಳ್ಳಕ್ಕೆ ಬಂದ್ರೋ?” ಎಂದು ಕೇಳಿದರು. ಮಾಡು ಮಾತ್ರ ಕಪ್ಪಾಗಿ, ನಮ್ಮನ್ನು ಅಣಕಿಸುವ ಹಾಗೆ, ನಿಂತೇ ಇತ್ತು.

ಅಂದು ಸಂಜೆ ಹೋಸ್ ಒಣಹಾಕಿ ಕೂತೆವು. ಸಾಹೇಬರ ಮುಖ ಇಳಿದಿತ್ತು. “ನಾನು ಬೇಗ ಹೆದರಿದೆ. ನಾಲ್ಕು ಹೆಂಚು ನೋಡಿ ಸೀಟಿ ಊದಿದೆ. ಊದಬಾರದಿತ್ತು,” ಎಂದರು. ಅಣ್ಣನ ಸರದಿ ಬಂತು. ಬಾಯಿ ತುಂಬಿತ್ತು. ಏನೋ ಹೇಳುವವರಂತೆ ಒಮ್ಮೆ ಕತ್ತು ಎತ್ತಿದರು... ಅಥವಾ ಉಗುಳಲು ಜಾಗ ನೋಡಿದರೋ. ಆಮೇಲೆ ಎಂದಿನಂತೆ ಕೈಯಾಡಿಸಿದರು.

ಗೋದಾಮಿನ ಮಾಲೀಕ ದೊಡ್ಡವರ ಪರಿಚಯ ಇದ್ದವನು. ದೂರು ಹೋಯಿತು, ಮೇಲಿನಿಂದ ವಿಚಾರಣೆಗೆ ಒಬ್ಬ ಹಿರಿಯ ಅಧಿಕಾರಿ ಬಂದರು. ವಿನಾಕಾರಣ ಹಿಂದೆ ಸರಿದರು ಎಂದು ತೀರ್ಮಾನವಾದರೆ ಸಾಹೇಬರಿಗೆ ಈ ಠಾಣೆಯಷ್ಟೇ ಅಲ್ಲ, ಇನ್ನು ಯಾವ ಠಾಣೆಯೂ ಸಿಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ನನ್ನನ್ನು ಕೇಳಿದಾಗ, ಪಂಪಿನ ಹತ್ತಿರ ಇದ್ದೆ, ಮಾಡಿನ ಒಳಗು ಕಾಣುತ್ತಿರಲಿಲ್ಲ ಎಂದೆ. ಹುಡುಗರಿಬ್ಬರೂ ಹೊಗೆಯಲ್ಲಿ ಏನೂ ಕಾಣಲಿಲ್ಲ ಎಂದರು. ಕೊನೆಗೆ ಅಣ್ಣನ ಸರದಿ. ಅಂದು ಅವರ ಬಾಯಲ್ಲಿ ಏನೂ ಇರಲಿಲ್ಲ.

“ಮಧ್ಯದ ತೊಲೆ ಸೀಳಿತ್ತು ಸಾರ್. ನಾನು ಅದ್ರ ಕೆಳಗೇ ನಿಂತಿದ್ದೆ, ಸದ್ದು ಕೇಳ್ತು, ಕಣ್ಣಾರೆ ಕಂಡೆ. ಸಾಹೇಬ್ರು ಸೀಟಿ ಊದದಿದ್ರೂ ನಾನು ಹುಡುಗ್ರನ್ನ ಎಳ್ಕೊಂಡು ಬರ್ತಿದ್ದೆ.”

ಹೊರಗೆ ವರಾಂಡದಲ್ಲಿ ತೆರೆದ ಬಾಗಿಲ ಬಳಿ ನಿಂತ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಎರಡು ವರ್ಷದಿಂದ ಸಾಹೇಬರನ್ನು ಹೆದರುಪುಕ್ಕ ಎಂದು ಆಡಿಕೊಂಡ ಮನುಷ್ಯ ಅವರನ್ನು ಉಳಿಸಲು ಇಂಥ ಸುಳ್ಳು ಹೇಳುವುದೇ? ನನ್ನ ಕಣ್ಣು ತುಂಬಿತು. ಸಾಹೇಬರು ಇದಕ್ಕೆ ಹೂಂ ಎಂದರೆ ಸಾಕಿತ್ತು. ಸುಮ್ಮನಿದ್ದರೂ ಸಾಕಿತ್ತು.

ಒಳಗೆ ಹಿರಿಯ ಅಧಿಕಾರಿಯ ಎದುರು ಕೂತಿದ್ದ ಅವರು ಎದ್ದು ನಿಂತರು. “ಇವರು ನನ್ನ ಮೇಲಿನ ಅಭಿಮಾನಕ್ಕೆ ಹೇಳ್ತಿದ್ದಾರೆ ಸಾರ್. ತೊಲೆ ಸೀಳಿದ್ದು ಕಂಡಿದ್ರೆ ಅವತ್ತು ಕೂತಾಗಲೇ ಹೇಳ್ತಿದ್ರು. ಯಾರೂ ಹೇಳಲಿಲ್ಲ. ತಪ್ಪು ನನ್ನದೇ.”

ಅಣ್ಣನ ಬಾಯಿ ತೆರೆಯಿತು, ಹಾಗೇ ಮುಚ್ಚಿತು. ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಳ್ಳು ಸಿಕ್ಕಿಬಿದ್ದವನ ಮುಖ ಎಂದು ಆಗ ಅಂದುಕೊಂಡೆ. ತೊಲೆ ನೋಡಿ ತೀರ್ಮಾನ ಮಾಡೋಣ ಎಂದರೆ, ಸುಟ್ಟು ಕರಿಯಾದ ಮರದಲ್ಲಿ ಯಾವುದು ಸೀಳು, ಯಾವುದು ಸುಟ್ಟಿದ್ದು ಎಂದು ಯಾರಿಗೆ ತಿಳಿಯುತ್ತದೆ? ಮಾಲೀಕ ಬೇಗನೆ ಅದನ್ನೆಲ್ಲ ಕಿತ್ತು ಶೀಟು ಹಾಕಿಸಿಬಿಟ್ಟ.

ಸಾಹೇಬರಿಗೆ ಎಲ್ಲೋ ದೂರದ ಊರಿನಲ್ಲಿ ಇಲಾಖೆಯ ಸಾಮಾನು ಇಡುವ ಸ್ಟೋರಿಗೆ ವರ್ಗವಾಯಿತು. ಹೋಗುವ ದಿನ ಎಲ್ಲರ ಕೈ ಹಿಡಿದು ಮಾತಾಡಿದರು. ಅಣ್ಣನ ಕೈಯನ್ನು ಹೆಚ್ಚು ಹೊತ್ತು ಹಿಡಿದಿದ್ದರು. ಆಮೇಲೆ ಬಂದ ಅಧಿಕಾರಿ ಮತ್ತೆ ಹೋಗೋ ಬಾರೋ ಎಂದರು, ನಮಗೂ ಒಳಗೊಳಗೇ ಹಾಯೆನಿಸಿತು. ಕೂರುವುದು ನಿಂತುಹೋಯಿತು. ಆದರೆ ಅಣ್ಣನಿಗೆ ಏನಾಯಿತೋ ನನಗೆ ಇಂದಿಗೂ ತಿಳಿಯದು. ಯಾರೂ ಹೇಳದೆಯೇ ಮಾಸ್ಕು ಹಾಕಿಕೊಳ್ಳಲು ಶುರು ಮಾಡಿದರು. ಎಲೆ ಅಡಿಕೆ ಬಿಟ್ಟರು. ಹೋಸ್ ಒಣಹಾಕಿದ ಮೇಲೆ ಆ ಮೆಟ್ಟಿಲ ಮೇಲೆ ಹೋಗಿ ಒಬ್ಬರೇ ಕೂರುತ್ತಿದ್ದರು. ನಾವು ಟೀ ಕುಡಿಯಲು ಹೋಗುತ್ತಿದ್ದೆವು.

ಎಷ್ಟೋ ವರ್ಷಗಳಾದ ಮೇಲೆ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಕೊನೆಯವರೆಗೂ ಅವರಿಗೆ ಇನ್ನೊಂದು ಠಾಣೆ ಸಿಕ್ಕಿರಲಿಲ್ಲ. ನಾನು ಭದ್ರಾವತಿಗೆ ಹೋಗಿ ನಿವೃತ್ತರಾಗಿದ್ದ ಅಣ್ಣನಿಗೆ ಹೇಳಿದೆ. ಬಾಗಿಲಲ್ಲೇ ಕೂತರು.

“ತೊಲೆ ಸೀಳಿತ್ತು ಕಣೋ,” ಎಂದರು.

“ಅಂದ್ರೆ ಅವತ್ತು ನೀವು ಹೇಳಿದ್ದು ನಿಜಾನಾ ಅಣ್ಣ? ಮತ್ತೆ ಕೂತಾಗ ಯಾಕೆ ಹೇಳ್ಲಿಲ್ಲ?”

“ಬಾಯಲ್ಲಿ ಎಲೆ ಅಡಿಕೆ ಇತ್ತು ಮಾರಾಯ.”

ಅದು ನಿಜವಾದರೆ ಸಾಹೇಬರು ಸೀಟಿ ಊದಿದ್ದು ಸರಿಯೇ ಆಗಿತ್ತು, ಅವರು ತಮ್ಮದಲ್ಲದ ತಪ್ಪನ್ನು ಹೊತ್ತುಕೊಂಡು ಸತ್ತರು. ಅಣ್ಣನ ಒಂದು ಮಾತು ಆ ಮೆಟ್ಟಿಲ ಮೇಲೆ ಬಂದಿದ್ದರೆ ಸಾಕಿತ್ತು. ಸುಳ್ಳಾದರೆ, ಸತ್ತವರಿಗಾಗಿ ಅಣ್ಣ ಆ ಸುಳ್ಳನ್ನೇ ನಂಬಿಕೊಂಡುಬಿಟ್ಟಿದ್ದರು. ಎರಡರಲ್ಲಿ ಯಾವುದು ಎಂದು ಇನ್ನೊಮ್ಮೆ ಕೇಳಬೇಕೆಂದುಕೊಂಡೆ. ಕೇಳಲಾಗಲಿಲ್ಲ. ಮರು ವರ್ಷ ಅಣ್ಣನೂ ಹೋದರು. ಸಾಹೇಬರು ನಮ್ಮನ್ನು ಬದಲಾಯಿಸಿದರೋ, ನಾವು ಅವರನ್ನು ಮುಗಿಸಿದೆವೋ... ಈಗ ಹೇಳುವವರು ಯಾರೂ ಉಳಿದಿಲ್ಲ.

ಮೊನ್ನೆ ಕಲ್ಯಾಣ ಮಂಟಪದಲ್ಲಿ ಹೋಸ್ ಒಣಗುತ್ತಿದ್ದಾಗ ಸೆಕ್ಯುರಿಟಿಯವರನ್ನೆಲ್ಲ ಮೆಟ್ಟಿಲ ಮೇಲೆ ಕೂರಲು ಹೇಳಿದೆ. ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ವಾಲ್ವ್ ತಿರುಗಿಸುವಾಗ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿದೆ. ಅವರು ಪಿಳಿಪಿಳಿ ನೋಡಿದರು. ಪಕ್ಕದಲ್ಲಿದ್ದವನಿಗೆ ಈಗ ನೀನು ಹೇಳು ಎಂದೆ. ಅವನು ಗುಟ್ಕಾ ತುಂಬಿದ ಕೆನ್ನೆಯತ್ತ ಬೆರಳು ತೋರಿಸಿ, ಮುಂದಿನವನತ್ತ ಕೈಯಾಡಿಸಿದ.

“ಉಗುಳಿ ಬಾ,” ಎಂದೆ. “ನಾವು ಕಾಯ್ತೀವಿ.”