ಅಂತರ್ಮುಖ ದೃಷ್ಟಿ
ವಿದೇಶದ ನಮ್ಮ ಸಾಂಸ್ಕೃತಿಕ ಕೇಂದ್ರಕ್ಕೆ ನಿರ್ದೇಶಕಿಯಾಗಿದ್ದಾಗ, ಶಿವಾರಪಟ್ಟಣದಿಂದ ಸರಸ್ವತಿಯ ಶಿಲಾಮೂರ್ತಿಯೊಂದನ್ನು ತರಿಸಿದ್ದೆ. ಅದರ ಅಂತರ್ಮುಖ ದೃಷ್ಟಿಯನ್ನು ಕುರಿತ ಉಪನ್ಯಾಸವೇ ವಿದ್ವತ್ ವಲಯದಲ್ಲಿ ನನಗೆ ಹೆಸರು ತಂದಿತು. ನಿವೃತ್ತಿಯ ನಂತರ ಅದು ಪುಸ್ತಕವಾಗುವುದಿತ್ತು. ಅದನ್ನು ಕೆತ್ತಿದ ಶಿಲ್ಪಿ ಆಚಾರ್ಯರ ಮಾತನ್ನೂ ಸೇರಿಸಬೇಕೆಂದು ಅವರ ಮನೆಗೆ ಹೋಗಿ, ಒಂದು ಪುಟವನ್ನು ಹೆಮ್ಮೆಯಿಂದಲೇ ಓದಿ ಹೇಳಿದೆ.

ಆಚಾರ್ಯರು ಉಳಿಯನ್ನು ಕೆಳಗಿಟ್ಟರು.

“ಅಮ್ಮಾ, ಆ ಮೂರ್ತಿಗೆ ನಾನಿನ್ನೂ ಕಣ್ಣೇ ತೆರೆದಿಲ್ವಲ್ಲ!”

“ಹಾಗೆಂದರೆ?”

“ಪೂಜೆಗಲ್ಲ, ಪ್ರದರ್ಶನಕ್ಕೆ ಅಂತ ನಿಮ್ಮ ಆಫೀಸಿನೋರೇ ಬರೆದಿದ್ರು. ಪೂಜೆ ಇಲ್ದಿದ್ರೆ ನಾವು ಕಣ್ಣು ತೆರೆಯಲ್ಲ. ರೆಪ್ಪೆ ಕೆತ್ತಿ, ಕಣ್ಣಪಾಪೆ ಕೊರೀದೆ ಬಿಟ್ಟೆ, ಅಷ್ಟೇ.”

ಒಳಗಿನಿಂದ ಅವರ ಹೆಂಡತಿ ಗದರಿದರು: “ಅಷ್ಟು ಓದಿರೋ ಅಮ್ಮಂಗೆ ಅದು ಗೊತ್ತಿರಲ್ವಾ? ಸುಮ್ನಿರಿ!”

ನಾನು ಗೊತ್ತಿದ್ದವಳಂತೆ ತಲೆಯಾಡಿಸಿ, ಈಗ ತೆರೆಯಬಹುದೇ ಎಂದು ಕೇಳಿದೆ.

“ನಾಲ್ಕು ಏಟಿನ ಕೆಲಸ. ಕಳಿಸ್ಕೊಡಿ,” ಎಂದರು, ಮೂರ್ತಿ ಪಕ್ಕದ ಮಾಲೂರಿನಲ್ಲೇ ಇದೆಯೇನೋ ಎಂಬಂತೆ.

ಕಣ್ಣು ತೆರೆಸಿದರೆ ಉಪನ್ಯಾಸ ಉಳಿಯುವುದಿಲ್ಲ. ಆದ್ದರಿಂದ ಮೂರ್ತಿ ಇದ್ದಲ್ಲೇ ಇದೆ. ಆದರೂ ವಿದ್ವತ್ತಿಗೆ ಪ್ರಾಮಾಣಿಕತೆ ಮುಖ್ಯ. ಆಚಾರ್ಯರ ಮಾತನ್ನು ಪುಸ್ತಕದಲ್ಲಿ ಯಥಾವತ್ತಾಗಿ ಕೊಟ್ಟಿದ್ದೇನೆ: ಅಡಿಟಿಪ್ಪಣಿಯಾಗಿ, ಪ್ರಕಾಶಕರ ಬಳಿಯಿದ್ದ ಅತಿ ಸಣ್ಣ ಅಕ್ಷರಗಳಲ್ಲಿ.