ಹುರುಳಿ ಕಣದಲ್ಲಿ ಸವೆದ ಕೀಲು

ಸರ್ಕಾರಿ ಬಸ್ ಡಿಪೋವೊಂದರಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ಮೇಲೆ, ತಾಳವಾಡಿಯಿಂದ ಗೆಟ್ಟವಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ ನಾನು ಒಂದು ಶೆಡ್ ಹಾಕಿಕೊಂಡೆ. ಈಗ ಹೇಳಹೊರಟಿರುವ ಪ್ರಸಂಗ ನಡೆದದ್ದು ಶೆಡ್ ತೆರೆದ ಮೂರನೆಯ ವರ್ಷ, ಸಂಕ್ರಾಂತಿ ಕಳೆದ ವಾರದಲ್ಲಿ.

ಅದಕ್ಕೂ ಮೊದಲಿನ ಒಂದು ಮಾತನ್ನು ಇಲ್ಲಿ ದಾಖಲಿಸಲೇಬೇಕು. ಶೆಡ್ ತೆರೆದ ಹೊಸದರಲ್ಲಿ ಪಣಕಹಳ್ಳಿಯ ಮಾದಪ್ಪ ಎಂಬ ರೈತ ತಾಳವಾಡಿ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ, ನಾನು ಬೆಂಚಿನ ಮೇಲೆ ಕುಳಿತಿರುವಾಗಲೇ, ಪಕ್ಕದವನಿಗೆ ಹೀಗೆಂದಿದ್ದ: “ಬಸ್ ರಿಪೇರಿ ಮಾಡ್ದೋರ್ ತಾವ ಕಾರ್ ಕೊಟ್ರೆ, ಅದ್ನೂ ಬಸ್ಸೇ ಮಾಡಿ ಕೊಡ್ತಾರೆ ಕಣ್ಲಾ!” ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಅಂದಿನಿಂದ ಮಾದಪ್ಪ ತನ್ನ ಕಾರಿನ ಸಣ್ಣಪುಟ್ಟ ಕೆಲಸಕ್ಕೂ ನನ್ನ ಶೆಡ್ಡಿನ ಮುಂದೆಯೇ ಹಾದು, ತಮಿಳುನಾಡಿನ ಗಡಿ ದಾಟಿ, ಚಾಮರಾಜನಗರಕ್ಕೆ ಹೋಗುತ್ತಿದ್ದ.

ಆ ದಿನ ಬೆಳಿಗ್ಗೆ ಅವನ ಕಾರು ನನ್ನ ಶೆಡ್ಡಿನ ಮುಂದೆ ನಿಂತಿತು. ಬಾಣಂತನ ಮುಗಿಸಿದ ಮಗಳು ಗೌರಮ್ಮ ಹಿಂದಿನ ಸೀಟಿನಲ್ಲಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ದಿಂಬಂ ಘಟ್ಟ ಇಳಿದು ಸತ್ಯಮಂಗಲದ ಗಂಡನ ಮನೆಗೆ ಅವಳನ್ನು ಬಿಟ್ಟುಬರಲು ಮಾದಪ್ಪ ಹೊರಟಿದ್ದ. ಮಡಿಲಕ್ಕಿ, ತೊಟ್ಟಿಲು, ಬಾಳೆಗೊನೆಯಿಂದ ಡಿಕ್ಕಿ ತುಂಬಿತ್ತು. ಆ ರಸ್ತೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇದ್ದದ್ದು ನನ್ನಲ್ಲಿ ಮಾತ್ರ. ಇಲ್ಲವಾದರೆ ಅವನು ನಿಲ್ಲುತ್ತಿರಲಿಲ್ಲ.

“ಮೇಸ್ತ್ರಿ, ಗಾಳಿ ತುಂಬ್ಬುಡಿ ಸಾಕು. ಬ್ಯಾರೆ ಏನೂ ಮುಟ್ಬ್ಯಾಡಿ. ರಾಹುಕಾಲಕ್ಕೆ ಮುಂಚೆ ಘಟ್ಟ ಮುಟ್ಬೇಕು,” ಎಂದ. ಗಾಡಿಯಿಂದ ಇಳಿಯಲೂ ಇಲ್ಲ.

ಗಾಳಿ ತುಂಬಲು ಮುಂದಿನ ಎಡ ಚಕ್ರದ ಬಳಿ ಕುಳಿತೆ. ಟೈರಿನ ಒಳಅಂಚು ಗರಗಸದ ಹಲ್ಲಿನಂತೆ ಸವೆದಿತ್ತು. ಒಂದು ದಿಕ್ಕಿಗೆ ಕೈಯಾಡಿಸಿದರೆ ನುಣುಪು, ಹಿಂದಕ್ಕೆ ಎಳೆದರೆ ತರಕಲು. ಚಕ್ರ ನೇರವಾಗಿ ಉರುಳದೆ ಅಡ್ಡಡ್ಡ ಉಜ್ಜಿಕೊಂಡು ಓಡಿದಾಗ ಟೈರು ಹೀಗಾಗುತ್ತದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆಯೇ ಎಂದು ಕೇಳಿದೆ.

“ಎಳೀತಿತ್ತು. ಎರಡ್ ಸಲ ಅಲೈನ್‌ಮೆಂಟ್ ಮಾಡ್ಸಿವ್ನಿ, ಕಂಪ್ಯೂಟರ್‌ನಲ್ಲಿ! ನಿಮ್ ಕಾಲ್ದಂಗೆ ದಾರ ಕಟ್ಟಿ ಅಲ್ಲ.”

ಅಲೈನ್‌ಮೆಂಟ್ ಎಂದರೆ ಎರಡು ಮುಂಚಕ್ರಗಳು ನೋಡುವ ದಿಕ್ಕನ್ನು ಹೊಂದಿಸುವುದು. ಕೀಲು ಸಡಿಲವಾಗಿದ್ದರೆ ಯಾವ ಯಂತ್ರ ಹೊಂದಿಸಿದರೂ ಅದು ಮೊದಲ ಹಳ್ಳದವರೆಗೆ ಮಾತ್ರ ನಿಲ್ಲುತ್ತದೆ. ನಾನು ಗಾಳಿಯ ಪೈಪನ್ನು ಕೆಳಗಿಟ್ಟು ಕಾರಿನ ಮುಂದೆ ಹೋಗಿ ನಿಂತೆ.

“ಈ ಗಾಡಿ ಘಟ್ಟ ಇಳಿಯಕೂಡದು,” ಎಂದೆ.

“ಅಡ್ಡ ನಿಂತ್ಕಂಡು ಗಿರಾಕಿ ಇಡೀತಾರೇನ್ರೀ? ಗಾಳಿ ತುಂಬ್ಸಕ್ಕೆ ಬಂದೋನ್ಗೆ ಇಂಜಿನ್ ಬಿಚ್ಚಬೇಕು ಅಂತೀರಲ್ಲ!” ಎಂದು ಅವನು ಹಾರ್ನ್ ಒತ್ತಿದ. ನನ್ನ ಶೆಡ್ಡಿನ ಮುಂದೆ, ನನ್ನ ಮುಖಕ್ಕೇ. ಇದು ಎರಡನೆಯ ಅವಮಾನ. ಪಕ್ಕಕ್ಕೆ ಸರಿದುಬಿಡುವ ಮನಸ್ಸು ಒಂದು ಕ್ಷಣ ಬಂದದ್ದು ನಿಜ. ಆದರೆ ದಿಂಬಂನಲ್ಲಿ ಇಪ್ಪತ್ತೇಳು ಕಡಿದಾದ ತಿರುವುಗಳಿವೆ. ಅವುಗಳಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಬೇಕು, ಎದುರಿಗೆ ಲಾರಿ ಏರುತ್ತಿರುತ್ತದೆ. ಹಿಂದಿನ ಸೀಟಿನಲ್ಲಿದ್ದ ಕೂಸು ನನಗೆ ಯಾವ ಅವಮಾನವನ್ನೂ ಮಾಡಿರಲಿಲ್ಲ.

ಅಷ್ಟರಲ್ಲಿ ಗೌರಮ್ಮ ಬಾಗಿಲು ತೆಗೆದು ಇಳಿದಳು. “ಅಪ್ಪ, ತಿರುವಲ್ಲೆಲ್ಲ ನನ್ ಕಾಲ್ ತಾವ ಟಕ್ ಟಕ್ ಅಂತದೆ. ಏಳುದ್ರೆ ಕೇಳಾಕಿಲ್ಲ ನೀನು. ನೀ ಈ ಮೇಸ್ತ್ರಿ ದೊಡ್ಡಪ್ಪನ್ ಜೊತೆ ಜಗಳ ಆಡ್ಕಂಡಿರು, ನಾ ಮಗೀನ್ ಎತ್ಕಂಡು ಬಸ್ಸಲ್ಲಿ ಓಯ್ತೀನಿ.”

ಮಾದಪ್ಪ ಇಂಜಿನ್ ಆರಿಸಿದ.

ಮಗುವನ್ನು ನನ್ನ ಹೆಂಡತಿ ಎತ್ತಿಕೊಂಡು ಶೆಡ್ಡಿನ ಹಿಂದಿನ ನಮ್ಮ ಮನೆಯೊಳಗೆ ಹೋದಳು. ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಕಲ್ಲು ಕೊಟ್ಟೆ. ಗೌರಮ್ಮನಿಗೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಬೆರಳಷ್ಟು ಮಾತ್ರ ಅಲ್ಲಾಡಿಸಲು ಹೇಳಿದೆ. ನಾನು ಏನು ಹೇಳಿದರೂ ಮಾದಪ್ಪ ನಂಬುವವನಲ್ಲ. ಆದ್ದರಿಂದ ಅವನನ್ನೇ ನೆಲದ ಮೇಲೆ ಮಲಗಿಸಿ, ಎಡ ಚಕ್ರದ ಹಿಂದಿನ ಟೈ ರಾಡ್ ಎಂಡ್ ಮೇಲೆ ಕೈಯಿಡಿಸಿದೆ. ಸ್ಟೀರಿಂಗ್ ತಿರುಗಿದಾಗ ಚಕ್ರವನ್ನು ತಳ್ಳಿ ಎಳೆಯುವ ಕಂಬಿಯ ತುದಿಯ ಕೀಲೇ ಅದು. ಉಕ್ಕಿನ ಗೂಡಿನೊಳಗೆ ಒಂದು ಗುಂಡು, ಒಳಗೆ ಗ್ರೀಸು, ಹೊರಗೆ ರಬ್ಬರಿನ ಟೋಪಿ. ಕೀಲು ಗಟ್ಟಿಯಾಗಿದ್ದರೆ ಕಂಬಿಯೂ ಚಕ್ರವೂ ಒಟ್ಟಿಗೆ ಚಲಿಸಬೇಕು. ಇಲ್ಲಿ ಕಂಬಿ ಮೊದಲು ಚಲಿಸಿತು. ಚಕ್ರ ಯೋಚಿಸಿ ಆಮೇಲೆ ಹೊರಟಿತು.

“ಕೈಗೆ ಒಡೀತದೆ,” ಎಂದ ಮಾದಪ್ಪ ಕೆಳಗಿನಿಂದ. ದನಿ ಸಣ್ಣದಾಗಿತ್ತು.

ರಬ್ಬರ್ ಟೋಪಿ ಹರಿದಿತ್ತು. ಅದರ ಸುತ್ತ ಹಗ್ಗ ಹೊಸೆದಂತೆ ಏನೋ ಬಿಗಿದುಕೊಂಡಿತ್ತು. ಚಾಕುವಿನಿಂದ ಕತ್ತರಿಸಿ ತೆಗೆದೆ. ಹುರುಳಿಯ ಬಳ್ಳಿ.

“ಕಣದಲ್ಲಿ ಇದೇ ಗಾಡಿ ಓಡಿಸಿದೆಯಾ?”

“ಎತ್ತು ಎಲ್ಲವೆ ಈಗ? ಎರಡ್ ವರ್ಷದಿಂದ ಉಳ್ಳಿ ಒಕ್ಕಣೆಗೆಲ್ಲ ಕಾರೇ. ನಾನೊಬ್ನೇ ಅಲ್ಲ, ಊರೋರೆಲ್ಲ ಓಡಿಸ್ತಾರೆ.”

ಅದು ಸುಳ್ಳಲ್ಲ. ನಮ್ಮ ಕಡೆ ಹುರುಳಿಯನ್ನು ಕಣದಲ್ಲಿ ಹರಡಿ, ಎತ್ತಿಗೆ ಬದಲಾಗಿ ಅದರ ಮೇಲೆ ಕಾರು ಸುತ್ತಿಸಿ ಒಕ್ಕಣೆ ಮಾಡುವ ರೂಢಿ ಬೆಳೆದಿದೆ. ಎತ್ತು ಸುತ್ತುವ ಜಾಗದಲ್ಲೇ ಕಾರು ಸುತ್ತಬೇಕಾದರೆ ಸ್ಟೀರಿಂಗ್ ಮಧ್ಯಾಹ್ನವೆಲ್ಲ ಒಂದೇ ಕಡೆಗೆ ಪೂರ್ತಿ ತಿರುಗಿಯೇ ಇರಬೇಕು. ಬಳ್ಳಿ ಕೀಲಿಗೆ ಸುತ್ತಿಕೊಂಡು ರಬ್ಬರನ್ನು ಹರಿಯುತ್ತದೆ. ಹೊಟ್ಟಿನ ಧೂಳು ಒಳಹೊಕ್ಕು ಗ್ರೀಸನ್ನು ಹೀರಿಬಿಡುತ್ತದೆ. ಆಮೇಲೆ ಕಬ್ಬಿಣವನ್ನು ಕಬ್ಬಿಣವೇ ತಿನ್ನುತ್ತದೆ.

ಫೋನ್ ಮಾಡಿ ಚಾಮರಾಜನಗರದಿಂದ ಎರಡೂ ಕಡೆಯ ಹೊಸ ಎಂಡ್‌ಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿದೆ. ಬಲಗಡೆಯದು ಇನ್ನೂ ಸಡಿಲವಾಗಿರಲಿಲ್ಲ, ಆದರೆ ಅದರ ರಬ್ಬರೂ ಹರಿದಿತ್ತು. ಕಾರನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಕಳಚಿದೆ. ಕೀಲನ್ನು ಕಂಬಿಗೆ ಬಿಗಿಯುವ ಲಾಕ್ ನಟ್ ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿ ಸಡಿಲಿಸಿದೆ. ಕೀಲಿನ ಪಿನ್ನು ಹಿಡಿದುಕೊಂಡಿದ್ದರೆ ಅನೇಕರು ಅದರ ತಲೆಯ ಮೇಲೆಯೇ ಹೊಡೆಯುತ್ತಾರೆ, ಅದು ತಪ್ಪು. ಪಿನ್ನು ಕೂತಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಸರಿಯಾದ ಏಟು ಬಿದ್ದರೆ ತಾನೇ ಕಳಚಿಕೊಳ್ಳುತ್ತದೆ. ಹೊಸದನ್ನು ಹಳೆಯದರಷ್ಟೇ ಸುತ್ತು ತಿರುಗಿಸಿ ಗುರುತಿಗೆ ತಂದು, ನಟ್ ಬಿಗಿದು, ಅದು ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಒಮ್ಮೆ ಬಾಗಿಸಿದ ಹಳೆಯ ಪಿನ್ನನ್ನು ಮತ್ತೆ ಹಾಕಕೂಡದು.

ಕಳಚಿದ ಎಡಗಡೆಯ ಕೀಲನ್ನು ಮೇಜಿಗೆ ಜೋಡಿಸಿದ ಕಬ್ಬಿಣದ ಇಕ್ಕಳ ವೈಸಿಗೆ ಕಚ್ಚಿಸಿ, “ಇದನ್ನು ಎಳೆದು ನೋಡು,” ಎಂದು ಮಾದಪ್ಪನಿಗೆ ಹೇಳಿದೆ. ಅದರ ಪಿನ್ನಿಗೆ ಒಂದು ಮೊಳ ಪೈಪು ಸಿಕ್ಕಿಸಿ ಅವನು ಬಗ್ಗಿಸಿದ. ಹೆಚ್ಚು ಬಲವನ್ನೂ ಹಾಕಲಿಲ್ಲ. ಗುಂಡು ಗೂಡಿನಿಂದ ಕಿತ್ತು ಅವನ ಕಾಲಬುಡಕ್ಕೆ ಬಿತ್ತು. ಗೌರಮ್ಮ ಅದನ್ನು ನೋಡಿದಳು. ಮನೆಯೊಳಗೆ ಮಗು ಅಳುತ್ತಿತ್ತು. ಅವಳು ಎದ್ದು ಒಳಗೆ ಹೋದಳು.

ಮಾದಪ್ಪ ಬಗ್ಗಿ ಆ ಗುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ, “ಅವತ್ತು ಟೀ ಅಂಗಡೀಲಿ ಒಂದ್ ಮಾತು ಆಡ್ಬುಟ್ಟೆ, ಮೇಸ್ತ್ರಿ,” ಎಂದ.

“ಆಡಿದ್ದೆ. ಇವತ್ತು ಹಾರ್ನೂ ಹೊಡೆದೆ. ನಾಳೆ ಮೊದಲು ಅಲೈನ್‌ಮೆಂಟ್ ಮಾಡಿಸು, ಆಮೇಲೆ ಮಗಳನ್ನು ಕರೆದುಕೊಂಡು ಹೋಗು,” ಎಂದೆ.

ಹಾಗೆಯೇ ಮಾಡಿದ. ತಾಯಿ, ಮಗು ಕ್ಷೇಮವಾಗಿ ಘಟ್ಟ ಇಳಿದರು.

ಸಡಿಲವಾದ ಕೀಲು ಮುರಿಯುವ ಮೊದಲು ಟೈರಿನಲ್ಲಿ, ಸದ್ದಿನಲ್ಲಿ, ಕೈಯಲ್ಲಿ ಸುಳಿವು ಕೊಟ್ಟೇ ಕೊಡುತ್ತದೆ. ಕೇಳಿಸಿಕೊಳ್ಳಲು ನಾವು ಗಾಡಿ ನಿಲ್ಲಿಸಬೇಕು. ವೃತ್ತಿ ನನಗೆ ಕಲಿಸಿದ ಇನ್ನೊಂದು ಸಂಗತಿ ಇದಕ್ಕಿಂತ ಕಷ್ಟದ್ದು: ನಟ್ಟನ್ನು ಸರಿಯಾಗಿ ಬಿಗಿಯಲು ಗಾಡಿಯವನನ್ನು ಕ್ಷಮಿಸಿರಬೇಕಾದ ಅಗತ್ಯವಿಲ್ಲ.

ಈಗ ಹುರುಳಿ ಕೊಯ್ಲು ಬಂತೆಂದರೆ ಮಾದಪ್ಪ ಊರಿನ ಕಣಗಳಿಗೆಲ್ಲ ಹೋಗಿ, ಕಾರು ಸುತ್ತಿಸುವವರನ್ನು ತಡೆದು, ಬಳ್ಳಿ ಸುತ್ತಿದರೆ ಕೀಲು ಏನಾಗುತ್ತದೆಂದು ವಿವರಿಸುತ್ತಾನಂತೆ. ಆ ಗುಂಡನ್ನು ಜೇಬಿನಲ್ಲಿಟ್ಟುಕೊಂಡು ತೋರಿಸುತ್ತಾನೆ. ತಾನೇ ಕಂಡುಹಿಡಿದದ್ದೆಂದು ಹೇಳುತ್ತಾನೆ, ನನ್ನ ಹೆಸರೆತ್ತುವುದಿಲ್ಲ. ಜನ ಕೇಳುತ್ತಿದ್ದಾರೆ, ಆದ್ದರಿಂದ ನಾನು ಹೋಗಿ ತಿದ್ದಿಲ್ಲ. ಆದರೆ ಅದು ಮೂರನೆಯ ಅವಮಾನ.