ಲೇ ಆಫ್ ಅಂದ್ರೇನು ಮೇಷ್ಟ್ರೇ

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ತಾಕಿದ್ದೇ ತಡ, ಭದ್ರಾವತಿಯ ಹಳೇ ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಸದಾ ನಶ್ಯ ಏರಿಸುತ್ತಿದ್ದ ಇಂಗ್ಲಿಷ್ ಮೇಷ್ಟ್ರು ನೆನಪಾದರು...

ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಸಂಜೆ ಜಗುಲಿಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಇಂಗ್ಲಿಷ್ ಕ್ರಿಯಾಪದಗಳ ‘ಬಾಲ’ದ ಕಥೆ ಹೇಳುವುದೆಂದರೆ ಅವರಿಗೆ ಹಬ್ಬ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಎರಡೂ ಸೇರಿ ‘ಕೈಚೆಲ್ಲು’ ಹೇಗಾಯಿತು? ಸೋತವನು ತನ್ನ ಕೋಟೆಯನ್ನು ಗೆದ್ದವನಿಗೆ ಒಪ್ಪಿಸುತ್ತಿದ್ದನಂತೆ, ಅಲ್ಲಿಂದ ಬಂತಂತೆ. ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅಪ್ಪ ಸಣ್ಣ ಫೌಂಡ್ರಿಯೊಂದರಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಕೆಲಸದಲ್ಲಿದ್ದರು. ಒಂದು ದಿನ ಹೋದ ಸ್ವಲ್ಪ ಹೊತ್ತಿಗೇ ವಾಪಸ್ ಬಂದರು. ಗೇಟಿಗೆ ಇಂಗ್ಲಿಷ್ ನೋಟಿಸ್ ಅಂಟಿಸಿ ಎಲ್ಲರನ್ನೂ ಕಳಿಸಿಬಿಟ್ಟಿದ್ದರು. ಅಪ್ಪನ ಕಿವಿಗೆ ಬಿದ್ದಿದ್ದು ‘ಲೇ ಆಫ್’ ಎಂಬ ಮಾತೊಂದೇ. ಚಪ್ಪಲಿಯನ್ನೂ ಬಿಡದೆ ಪಕ್ಕದ ಮನೆಗೆ ನಡೆದರು. ಹಿಂದೆಯೇ ನಾನೂ ಹೋದೆ.

“ಲೇ ಆಫ್ ಅಂದ್ರೇನು ಮೇಷ್ಟ್ರೇ? ಕೆಲಸದಿಂದ ತೆಗೆದ್ರಾ?”

“ತೆಗೆದಿಲ್ಲ ಮಾರಾಯ. ಲೇ ಅಂದ್ರೆ ಇಡೋದು, ಆಫ್ ಅಂದ್ರೆ ಆಚೆಗೆ. ಹೊರೆ ಇಳಿಸಿ ಪಕ್ಕಕ್ಕಿಡ್ತೀವಲ್ಲ, ಹಾಗೆ. ಹಿಂದೆ ಕೆಲಸ ಕಮ್ಮಿಯಾದಾಗ ಆಳುಗಳನ್ನ ಸ್ವಲ್ಪ ದಿನ ಮನೇಲಿರಿ ಅಂತಿದ್ರು, ಸೀಸನ್ನಿಗೆ ಮತ್ತೆ ಕರೀತಿದ್ರು. ಅಲ್ಲಿಂದ ಬಂದ ಮಾತು ಇದು. ಪೂರ್ತಿ ತೆಗೆಯೋದಕ್ಕೆ ಬೇರೆ ಪದ ಇದೆ.”

ಅಪ್ಪ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಆ ಸಂಜೆ ಅಮ್ಮ ಸಮಾಧಾನವಾಗಿ ಅಡುಗೆ ಮಾಡಿದರು.

ಕೆಲವು ವಾರಗಳಾದ ಮೇಲೆ ಮಲವಗೊಪ್ಪದ ವರ್ಕ್‌ಶಾಪಿನಿಂದ ಕೆಲಸಕ್ಕೆ ಕರೆ ಬಂತು. ಅಪ್ಪ ಮತ್ತೆ ಮೇಷ್ಟ್ರನ್ನೇ ಕೇಳಿದರು. “ಅವಸರ ಮಾಡ್ಬೇಡ. ಫೌಂಡ್ರಿಯವ್ರು ಕರೆದಾಗ ನೀನಿಲ್ದೇ ಹೋದ್ರೆ ಇಷ್ಟು ವರ್ಷದ ಸರ್ವೀಸು ಮಣ್ಣುಪಾಲು” ಎಂದರು. ಅಪ್ಪ ಹೋಗಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತು.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಫೌಂಡ್ರಿಯ ಯಂತ್ರಗಳನ್ನೆಲ್ಲ ಬಿಚ್ಚಿ ಲಾರಿಗೆ ಹೇರುತ್ತಿದ್ದಾರೆಂದು ಸುದ್ದಿ ಬಂತು. ಅಪ್ಪ ಹೋಗಿ ನೋಡಿ ಬಂದು, ಗೋಡೆಗೆ ಒರಗಿ ಕೂತರು. ಸುದ್ದಿ ತಿಳಿದು ಮೇಷ್ಟ್ರು ನಮ್ಮ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ನಾನು ಪದ ನೋಡ್ದೆ ಮಾರಾಯ... ಅದನ್ನ ಬರೆದವರು ಎಂಥವರು ಅಂತ ನೋಡ್ಲಿಲ್ಲ.”

“ನೀವು ಹೇಳಿದ್ದು ಸರಿಯೇ ಇತ್ತು ಮೇಷ್ಟ್ರೇ” ಎಂದರು ಅಪ್ಪ. ಮನಸ್ಸಿನಿಂದಲೇ ಅಂದರು. ಆದರೆ ಆ ಮಾತೇ ಮೇಷ್ಟ್ರಿಗೆ ಇನ್ನಷ್ಟು ಚುಚ್ಚಿತೇನೋ, ತಲೆ ತಗ್ಗಿಸಿ ಹೊರಟುಹೋದರು.

ಆಮೇಲೆ ಜಗುಲಿಯಲ್ಲಿ ಕಥೆಗಳು ನಿಂತವು. ಯಾರಾದರೂ ಪದದ ಅರ್ಥ ಕೇಳಿದರೆ, “ಡಿಕ್ಷನರಿ ನೋಡು ಮಗು” ಎಂದಷ್ಟೇ ಹೇಳುತ್ತಿದ್ದರು. ಕೊನೆಗೆ ಮೇಷ್ಟ್ರೇ ರಜೆ ಹಾಕಿ, ಶಿವಮೊಗ್ಗದಲ್ಲಿ ಅಂಗಡಿ ಅಂಗಡಿ ಸುತ್ತಿ, ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಪೈಪಿನ ಗೋಡೌನಿನಲ್ಲಿ ಅಪ್ಪನಿಗೆ ಕೆಲಸ ಕೊಡಿಸಿದರು. ನಾವು ಅಲ್ಲಿನ ವಿದ್ಯಾನಗರಕ್ಕೆ ಬಂದೆವು. ಕಬ್ಬಿಣ ಹೊಯ್ಯುತ್ತಿದ್ದ ಅಪ್ಪ ಕೊನೆಯವರೆಗೂ ಪೈಪುಗಳನ್ನು ಕಾದರು. “ಒಂದ್ಸಲ ಹೋಗಿ ಮೇಷ್ಟ್ರನ್ನ ಮಾತಾಡಿಸ್ಕೊಂಡು ಬರ್ತೀನಿ” ಎನ್ನುತ್ತಲೇ ಇದ್ದರು. ಭದ್ರಾವತಿಯೇನು ದೂರವೇ... ಆದರೂ ಹೋಗಲಾಗಲಿಲ್ಲ. ಹಾಗೆಯೇ ತೀರಿಕೊಂಡರು.

ಹೋದ ವರ್ಷ ಮೇಷ್ಟ್ರೂ ಹೋದರೆಂದು ತಿಳಿದು ಅವರ ಮನೆಗೆ ಹೋಗಿದ್ದೆ. ಕೊನೆಗಾಲದಲ್ಲಿ ಅವರಿಗೆ ನೆನಪು ಕೈಕೊಟ್ಟಿತ್ತಂತೆ. ಅವರ ಹೆಂಡತಿ ನನ್ನ ಕೈ ಹಿಡಿದು ಹೇಳಿದರು: “ಬೆಳಿಗ್ಗೆ ಎದ್ರೆ ಅದೊಂದೇ ಕೇಳೋರು ಕಣಮ್ಮ. ನಿಮ್ಮಪ್ಪನ್ನ ಫೌಂಡ್ರಿಯವ್ರು ವಾಪಸ್ ಕರೆದ್ರಾ ಅಂತ. ನಾನು, ಕರೆದ್ರು, ಕೆಲಸಕ್ಕೆ ಹೋಗಿದಾನೆ ಅಂತಿದ್ದೆ. ಆಮೇಲೇ ಕಾಫಿ ಮುಟ್ಟೋರು.”

ಅಪ್ಪ ಆಗಲೇ ಇಲ್ಲವಾಗಿದ್ದರು. ಅದು ಆಕೆಗೆ ತಿಳಿದಿರಲಿಲ್ಲ. “ಒಳ್ಳೇದು ಮಾಡಿದ್ರಿ ಅಮ್ಮ” ಎಂದೆ.

ಬಜಾರಿನಲ್ಲಿ ಆ ವೃದ್ಧರು ಯಾವಾಗ ಹೊರಟುಹೋದರೋ ಗೊತ್ತಾಗಲಿಲ್ಲ. ಏನು ಬೇಕೆಂದು ಅಂಗಡಿಯವನು ಮತ್ತೆ ಮತ್ತೆ ಕೇಳುತ್ತಿದ್ದ. ನನಗೆ ನೆನಪಾಗಲಿಲ್ಲ.